ಮೂರನೇ ವರ್ಷ ಫೋನ್ ಎತ್ತುವವರು ಯಾರು?

2014ರಲ್ಲಿ ಲಂಡನ್ನಿನ ‘ಇಂಡೆಕ್ಸ್ ಆನ್ ಸೆನ್ಸರ್‌ಶಿಪ್’ ಸಂಸ್ಥೆಯ ಡಿಜಿಟಲ್ ಹೋರಾಟದ ಪ್ರಶಸ್ತಿಗೆ ಕಣದಲ್ಲಿದ್ದವರಲ್ಲಿ ಎಡ್ವರ್ಡ್ ಸ್ನೋಡೆನ್ ಕೂಡ ಒಬ್ಬರು. ಆಗ ಅವರ ಹೆಸರು ಗೊತ್ತಿಲ್ಲದ ದೇಶವೇ ಇರಲಿಲ್ಲ. ಆದರೆ ಸಾರ್ವಜನಿಕರ ಮತದಲ್ಲಿ ಗೆದ್ದವರು ಛತ್ತೀಸಗಢದ ಪತ್ರಕರ್ತ ಶುಭ್ರಾಂಶು ಚೌಧರಿ. ಅವರು 2010ರಲ್ಲಿ ಕಟ್ಟಿದ ‘ಸಿಜಿನೆಟ್ ಸ್ವರ’ದಲ್ಲಿ ಕಣ್ಣು ಕುಕ್ಕುವಂಥದ್ದೇನೂ ಇರಲಿಲ್ಲ. ಕಾಡಂಚಿನ ಹಳ್ಳಿಯ ಆದಿವಾಸಿಯೊಬ್ಬ ಬಟನ್ ಫೋನಿನಿಂದ ಬೆಂಗಳೂರಿನ ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸರ್ವರ್ ತಾನೇ ತಿರುಗಿ ಕರೆ ಮಾಡುತ್ತಿತ್ತು. ಸುದ್ದಿ ಹೇಳುವುದಿದ್ದರೆ 1, ಕೇಳುವುದಿದ್ದರೆ 2 ಒತ್ತಬೇಕು, ಅಷ್ಟೆ. ಅದರ ಹಿಂದಿನ ತಂತ್ರಾಂಶ ರೂಪಿಸಿದವರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಬಿಲ್ ಥೀಸ್ ಮುಖ್ಯರು.

ಓಟಿನಿಂದ ಗೆಲುವು ತೀರ್ಮಾನವಾಗುವ ಸ್ಪರ್ಧೆಗಳಲ್ಲಿ ಇಂಥ ಫಲಿತಾಂಶ ಅಪರೂಪ. ಸೇವಾ ಸಂಸ್ಥೆಗಳ ತಂತ್ರಜ್ಞಾನ ಯೋಜನೆಗಳಿಗೆ ಓಟು ಹಾಕುತ್ತ, ಒಮ್ಮೊಮ್ಮೆ ಅರ್ಜಿಗಳನ್ನು ಓದಿ ಅಂಕ ಕೊಡುತ್ತ ಬಂದ ನನಗೆ ಮೊದಲು ಮನದಟ್ಟಾದದ್ದು ಇದು: ಓಟು ಗಳಿಸುವ ಶಕ್ತಿಯೇ ಬೇರೆ, ಕೆಲಸ ಮಾಡುವ ಶಕ್ತಿಯೇ ಬೇರೆ. ಎರಡೂ ಒಂದೇ ಕಡೆ ಸಿಕ್ಕರೆ ಅದು ಅದೃಷ್ಟ. ಸ್ಪರ್ಧೆಯ ಕೊನೆಯ ವಾರ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ “ಸಾರ್, ನಮ್ಮ ಪ್ರಾಜೆಕ್ಟಿಗೆ ಒಂದು ಓಟು ಹಾಕಿ, ಒಂದೇ ನಿಮಿಷದ ಕೆಲಸ” ಎಂಬ ಸಂದೇಶಗಳು ಸಾಲುಗಟ್ಟುತ್ತವೆ. ಹಾಗೆ ಕಳಿಸುವವರನ್ನು ದೂರಬೇಕಿಲ್ಲ, ಸ್ಪರ್ಧೆಯ ನಿಯಮವೇ ಅವರಿಂದ ಅದನ್ನು ಮಾಡಿಸುತ್ತದೆ. ದೊಡ್ಡ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಗುಂಪು, ಐಟಿ ಕಂಪನಿಯೊಂದರ ಸಾವಿರಾರು ಉದ್ಯೋಗಿಗಳು ಬೆನ್ನಿಗಿದ್ದವರು ಮುಂದೆ ಓಡುತ್ತಾರೆ. ರಾಯಚೂರಿನಲ್ಲೋ ಬೀದರಿನಲ್ಲೋ ನಾಲ್ಕು ಮಂದಿ ಸೇರಿ ನಡೆಸುವ ಸಂಸ್ಥೆ ಹಿಂದೆ ಬೀಳುತ್ತದೆ.

ಅಮೆರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ಬಯಲಿಗೆ ಬಂತು. 2009ರ ಕೊನೆಗೆ ಚೇಸ್ ಬ್ಯಾಂಕು ಫೇಸ್‌ಬುಕ್ ಮತದಾನದ ಮೂಲಕ ಸೇವಾ ಸಂಸ್ಥೆಗಳಿಗೆ ಹಣ ಹಂಚಲು ಹೊರಟಿತು. ತಮ್ಮನ್ನು ಕಾರಣ ಹೇಳದೆ ಕೈಬಿಡಲಾಗಿದೆ ಎಂದು ಕೆಲವು ಸಂಸ್ಥೆಗಳು ಬಹಿರಂಗವಾಗಿಯೇ ದೂರಿದವು. 2010ರ ಜನವರಿಯಲ್ಲಿ 10 ಲಕ್ಷ ಡಾಲರಿನ ಮೊದಲ ಬಹುಮಾನ ‘ಇನ್ವಿಸಿಬಲ್ ಚಿಲ್ಡ್ರನ್’ ಸಂಸ್ಥೆಗೆ ಹೋಯಿತು. ಇದೇ ಸಂಸ್ಥೆ 2012ರಲ್ಲಿ ಉಗಾಂಡದ ಬಂಡುಕೋರ ನಾಯಕ ಕೋನಿಯ ಬಗ್ಗೆ ‘ಕೋನಿ 2012’ ವಿಡಿಯೊ ಬಿಟ್ಟಾಗ ಆರೇ ದಿನಗಳಲ್ಲಿ ಅದನ್ನು 10 ಕೋಟಿ ಸಲ ನೋಡಲಾಯಿತು. ಅಷ್ಟು ಜನರನ್ನು ಸೇರಿಸಬಲ್ಲವರಿಗೆ ಫೇಸ್‌ಬುಕ್ ಓಟು ಯಾವ ಲೆಕ್ಕ? ತಮಾಷೆಯೆಂದರೆ, ಕಾಂಗೋದ ಹಳ್ಳಿಗಳಲ್ಲಿ ಬಂಡುಕೋರರ ದಾಳಿಯ ಮುನ್ಸೂಚನೆಗೆಂದು ರೇಡಿಯೊ ಜಾಲ ಕಟ್ಟಲು ನೆರವಾದ ಸಂಸ್ಥೆಯೂ ಇದೇ. ಆ ರೇಡಿಯೊಗಳ ಸುದ್ದಿ ಯಾರ ಫೋನಿಗೂ ಹರಿದು ಬರಲಿಲ್ಲ.

ಹಾಗಿದ್ದರೆ ಜನರ ಓಟು ಬಿಟ್ಟು ತಜ್ಞರ ತೀರ್ಪನ್ನೇ ನೆಚ್ಚಬಹುದೇ? ಅದಕ್ಕೆ ‘ಪ್ಲೇಪಂಪ್’ ಕಥೆ ಕೇಳಬೇಕು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಐಡಿಯಾ ಇದು. ಶಾಲೆಯ ಅಂಗಳದಲ್ಲಿ ಮಕ್ಕಳು ಕೂತು ತಿರುಗುವ ಆಟದ ಚಕ್ರವನ್ನು ಬೋರ್‌ವೆಲ್ಲಿಗೆ ಜೋಡಿಸುವುದು. ಮಕ್ಕಳು ಆಡಿದಂತೆಲ್ಲ ನೀರು ಮೇಲಿನ ಟ್ಯಾಂಕಿಗೆ ಏರುವುದು. ಟ್ಯಾಂಕಿನ ಸುತ್ತ ಜಾಹೀರಾತು ಫಲಕ ಹಾಕಿ ಆ ಹಣದಲ್ಲಿ ದುರಸ್ತಿ ಮಾಡಿಸುವುದು. ಕೇಳಿದವರಿಗೆ ಮರುಳು ಹಿಡಿಸುವಂಥ ಯೋಚನೆ. 2000ದಲ್ಲಿ ವಿಶ್ವಬ್ಯಾಂಕಿನ ‘ಡೆವಲಪ್‌ಮೆಂಟ್ ಮಾರ್ಕೆಟ್‌ಪ್ಲೇಸ್’ ಸ್ಪರ್ಧೆಯಲ್ಲಿ ಅದು ಗೆದ್ದಿತು. 2006ರಲ್ಲಿ ಅಮೆರಿಕ ಸರ್ಕಾರ, ಕೇಸ್ ಫೌಂಡೇಷನ್ ಮುಂತಾದವರು ಸೇರಿ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದರು. 2010ರ ಹೊತ್ತಿಗೆ 4,000 ಪಂಪು, 1 ಕೋಟಿ ಜನರಿಗೆ ನೀರು ಎಂಬುದು ಗುರಿ.

ಹಳ್ಳಿಗಳಲ್ಲಿ ಆಗಿದ್ದೇ ಬೇರೆ. ಮಕ್ಕಳು ಮಕ್ಕಳಂತೆಯೇ ಆಡಿದರು, ಬೇಸರ ಬಂದಾಗ ಇಳಿದು ಹೋದರು. ಅಡುಗೆಗೆ ನೀರು ಬೇಕಾದ ಹೆಂಗಸರು, ಮುದುಕಿಯರು ಆ ಭಾರದ ಚಕ್ರವನ್ನು ಕೈಯಿಂದ ನೂಕಬೇಕಾಯಿತು. ಕೆಲವು ಕಡೆ ಚೆನ್ನಾಗಿಯೇ ನಡೆಯುತ್ತಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಕುಗ್ರಾಮದ ಟ್ಯಾಂಕಿನ ಮೇಲೆ ಜಾಹೀರಾತು ಕೊಡಲು ಯಾವ ಕಂಪನಿಯೂ ಹಾತೊರೆಯಲಿಲ್ಲ, ಹಾಗಾಗಿ ದುರಸ್ತಿಗೆ ಹಣವೂ ಹುಟ್ಟಲಿಲ್ಲ. ಒಂದು ಪ್ಲೇಪಂಪಿಗೆ ಸುಮಾರು 14,000 ಡಾಲರ್, ಅಂದರೆ ಸಾಮಾನ್ಯ ಕೈಪಂಪಿನ ನಾಲ್ಕು ಪಟ್ಟು ಬೆಲೆ. 2009ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು: ಹೇಳಿಕೊಂಡ ಗುರಿ ಮುಟ್ಟಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು!

ಕೇಸ್ ಫೌಂಡೇಷನ್ನಿನ ಜೀನ್ ಕೇಸ್ 2010ರಲ್ಲಿ ಈ ಸೋಲನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಹಣ ಕೊಟ್ಟವರು ಹಾಗೆ ಬರೆದುಕೊಳ್ಳುವುದು ಕಡಿಮೆ. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಆದರೆ ಆ 27 ಗಂಟೆಯ ಗುಣಾಕಾರಕ್ಕೆ ಬೇಕಾದದ್ದು ಪೆನ್ನು, ಕಾಗದ, ಹತ್ತು ನಿಮಿಷ. ತಲೆಗೆ ದಿನಕ್ಕೆ ಎಷ್ಟು ಲೀಟರ್ ಬೇಕು, ಪಂಪು ಗಂಟೆಗೆ ಎಷ್ಟು ಎತ್ತುತ್ತದೆ, ಎಷ್ಟು ಜನ. ಇದನ್ನು 2000ದಲ್ಲೇ ಮಾಡಬಹುದಿತ್ತು. ಈ ಕಥೆ ತಿಳಿದಂದಿನಿಂದ ಯಾವ ಅರ್ಜಿ ಕೈಗೆ ಬಂದರೂ ಅದರೊಳಗಿನ ಅಂಕಿಗಳನ್ನು ಒಂದಕ್ಕೊಂದು ಗುಣಿಸಿ, ಭಾಗಿಸಿ ನೋಡುವುದು ನನಗೆ ರೂಢಿಯಾಗಿದೆ. ಒಬ್ಬ ಕಾರ್ಯಕರ್ತೆ ವರ್ಷಕ್ಕೆ ಇಷ್ಟು ಸಾವಿರ ಮನೆಗೆ ಹೋಗುತ್ತಾಳೆ ಎಂದು ಬರೆದವರು ಆಕೆಗೆ ದಿನಕ್ಕೆ ಎಷ್ಟು ಮನೆಯಾಯಿತು, ನಡುವಿನ ದಾರಿ ಎಷ್ಟು ಎಂದು ಯೋಚಿಸಿರುವುದೇ ಇಲ್ಲ.

ಪ್ಲೇಪಂಪಿನ ಪಕ್ಕದಲ್ಲಿ ನಮ್ಮೂರುಗಳ ಕೈಪಂಪನ್ನು, ಜನ ‘ಬೋರಿಂಗು’ ಎನ್ನುವ ಇಂಡಿಯಾ ಮಾರ್ಕ್ 2 ಅನ್ನು ಇಟ್ಟು ನೋಡಿ. ಸೋಲಾಪುರದ ಪಂಪೊಂದರ ವಿನ್ಯಾಸ ಹಿಡಿದು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡದ್ದು. ಪೇಟೆಂಟಿನ ಬೇಲಿಯಿಲ್ಲ, ಯಾವ ವರ್ಕ್‌ಶಾಪಿನವರೂ ಮಾಡಬಹುದು. ಜತೆಗೆ ಹಳ್ಳಿಯಲ್ಲೇ ನೋಡಿಕೊಳ್ಳುವವರನ್ನು, ತಾಲ್ಲೂಕಿನಲ್ಲಿ ಮೆಕ್ಯಾನಿಕ್ಕನ್ನು ತಯಾರು ಮಾಡುವ ಯೋಚನೆಯೂ ಇತ್ತು. ಆನ್‌ಲೈನ್ ಮತದಾನಕ್ಕೆ ಇದನ್ನು ನಿಲ್ಲಿಸಿದ್ದರೆ ಠೇವಣಿ ಕಳೆದುಕೊಳ್ಳುತ್ತಿತ್ತು.

ಬಹುಮಾನ ಸರಿಯಾದವರಿಗೆ ಸಂದ ಉದಾಹರಣೆಯೂ ಇದೆ. 2007ರ ಡಿಸೆಂಬರಿನ ಚುನಾವಣೆ ನಂತರ ಕೀನ್ಯಾದಲ್ಲಿ ಗಲಭೆ ಎದ್ದಾಗ ಓರಿ ಒಕೋಲೊ, ಎರಿಕ್ ಹರ್ಸ್‌ಮನ್, ಜೂಲಿಯಾನಾ ರೊಟಿಚ್, ಡೇವಿಡ್ ಕೋಬಿಯಾ ಮತ್ತು ಗೆಳೆಯರು ಹಿಂಸೆಯ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸುವ ‘ಉಷಾಹಿದಿ’ಯನ್ನು ಕೆಲವೇ ದಿನಗಳಲ್ಲಿ ಕಟ್ಟಿದರು. ಸೇವಾ ಸಂಸ್ಥೆಗಳ ತಂತ್ರಜ್ಞಾನಕ್ಕೆಂದೇ ಅಮೆರಿಕದಲ್ಲಿ ಹುಟ್ಟಿದ್ದ ‘ನೆಟ್‌ಸ್ಕ್ವೇರ್ಡ್’ ಬಳಗದ 2008ರ ಸ್ಪರ್ಧೆಯಲ್ಲಿ ಅದು 25,000 ಡಾಲರಿನ ಮೊದಲ ಬಹುಮಾನ ಪಡೆಯಿತು. ಸ್ಪರ್ಧೆಗೆ ಬರುವ ಮೊದಲೇ ಅದು ಬಳಕೆಯಲ್ಲಿತ್ತು ಎಂಬುದೇ ಅದರ ದೊಡ್ಡ ಅರ್ಹತೆ. 2010ರ ಹೈಟಿ ಭೂಕಂಪದಲ್ಲಿ ಮತ್ತೆ ಅದು ನೆರವಿಗೆ ಬಂತು. ಆಗ 4636 ಸಂಖ್ಯೆಗೆ ಹರಿದುಬಂದ ಕ್ರಿಯೋಲ್ ಭಾಷೆಯ ಎಸ್ಸೆಮ್ಮೆಸ್ಸುಗಳನ್ನು ಅನುವಾದಿಸಲು ಹೊರದೇಶಗಳ ಹೈಟಿ ಮೂಲದವರು, ನಕ್ಷೆಗೆ ಏರಿಸಲು ಬಾಸ್ಟನ್ನಿನ ವಿದ್ಯಾರ್ಥಿಗಳು ರಾತ್ರಿ ಹಗಲು ಕೂತರು.

ಆ ಮಂದಿಯನ್ನು ತೆಗೆದುಬಿಟ್ಟರೆ ಉಳಿಯುವುದೇನು? ಅದಕ್ಕೂ ಉತ್ತರ ಸಿಕ್ಕಿದೆ. ಉಷಾಹಿದಿಯವರು ಯಾರು ಬೇಕಾದರೂ ಪುಕ್ಕಟೆ ನಕ್ಷೆ ತೆರೆಯಲು ‘ಕ್ರೌಡ್‌ಮ್ಯಾಪ್’ ಕೊಟ್ಟರು. ಅಲ್ಲಿ ಹುಟ್ಟಿದ 12 ಸಾವಿರಕ್ಕೂ ಹೆಚ್ಚು ನಕ್ಷೆಗಳನ್ನು 2012ರಲ್ಲಿ ತಡಕಿ ನೋಡಿದಾಗ ಶೇ 93ರಷ್ಟರಲ್ಲಿ ಹತ್ತು ವರದಿಗಳೂ ಇರಲಿಲ್ಲ. ‘ಜನ ತಾವಾಗಿಯೇ ದೂರು ದಾಖಲಿಸುತ್ತಾರೆ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಅರ್ಜಿಗಳು ಈಗಲೂ ಬರುತ್ತವೆ. ಸಿಜಿನೆಟ್ ಸ್ವರದಲ್ಲಿ ದೂರು ಹೇಳುವವರು ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರನ್ನೂ ಹೇಳುತ್ತಿದ್ದರು. ಕೇಳಿದ ನಗರದವರು ಆ ಅಧಿಕಾರಿಗೆ ಕರೆ ಮಾಡಿ ವಿಚಾರಿಸುತ್ತಿದ್ದರು. ನಿಂತುಹೋದ ಕೂಲಿ ಹಣ ಕೈಗೆ ಬರುತ್ತಿದ್ದದ್ದು ಆ ಒತ್ತಾಯದಿಂದ, ತಂತ್ರಾಂಶದಿಂದ ಅಲ್ಲ.

‘ಡಿಜಿಟಲ್ ಗ್ರೀನ್’ ಕೂಡ ಇದೇ ಜಾತಿಯದು. ರಿಕಿನ್ ಗಾಂಧಿ 2006ರ ಸುಮಾರಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದು, ಗ್ರೀನ್ ಫೌಂಡೇಷನ್ ಜತೆ ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ಪ್ರಯೋಗಕ್ಕೆ ಇಳಿದರು. ಊರಿನ ರೈತನೇ ತನ್ನ ಹೊಲದಲ್ಲಿ ನಿಂತು ಹೇಳುವ ವಿಡಿಯೊ, ಅದನ್ನು ಸಂಜೆ ಹತ್ತಾರು ಜನರ ಮುಂದೆ ಹಾಕಿ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಒಬ್ಬ ಸ್ಥಳೀಯ ಕಾರ್ಯಕರ್ತ. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಹೋಲಿಕೆಯಲ್ಲಿ, ಮಾಮೂಲಿ ಕೃಷಿ ಸಲಹೆಗಿಂತ ಏಳು ಪಟ್ಟು ಹೆಚ್ಚು ರೈತರು ಹೇಳಿದ ಪದ್ಧತಿಯನ್ನು ಅಳವಡಿಸಿಕೊಂಡರು. ಪಕ್ಕದ ಊರಿನ ಪರಿಚಿತ ಮುಖ ಕಂಡರೆ ರೈತರು ನಂಬುತ್ತಾರೆ. ಸೂಟು ಹಾಕಿದ ತಜ್ಞ ಪರದೆಗೆ ಬಂದರೆ ಎದ್ದು ಹೋಗುತ್ತಾರೆ. 2013ರಲ್ಲಿ ಗೂಗಲ್ ಭಾರತದಲ್ಲಿ ನಡೆಸಿದ ಇಂಪ್ಯಾಕ್ಟ್ ಚಾಲೆಂಜ್‌ನಲ್ಲಿ ತಲಾ 3 ಕೋಟಿ ರೂಪಾಯಿ ಗೆದ್ದ ನಾಲ್ಕರಲ್ಲಿ ಡಿಜಿಟಲ್ ಗ್ರೀನ್ ಒಂದು. ಬೆಂಗಳೂರಿನ ಜನಾಗ್ರಹ, ಅಗಸ್ತ್ಯ ಪ್ರತಿಷ್ಠಾನಗಳೂ ಆ ಪಟ್ಟಿಯಲ್ಲಿದ್ದವು. ವಿಜ್ಞಾನದ ಉಪಕರಣಗಳನ್ನು ಬೈಕಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಸರ್ಕಾರಿ ಶಾಲೆಗೆ ಹೋಗುವ ಅಗಸ್ತ್ಯದ ಕೆಲಸದಲ್ಲೂ ಬೈಕಿಗಿಂತ ಅದರ ಮೇಲೆ ಬರುವ ಮೇಷ್ಟ್ರೇ ಮುಖ್ಯ.

ಹೀಗಾಗಿ ಅರ್ಜಿ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಬಜೆಟ್ ಪುಟವನ್ನು. ಟ್ಯಾಬ್ಲೆಟ್ಟು, ಸರ್ವರು, ಡ್ಯಾಶ್‌ಬೋರ್ಡಿಗೆ ಮುಕ್ಕಾಲು ಪಾಲು ಹೋಗಿ, ಊರೂರು ತಿರುಗುವ ಹುಡುಗಿಯ ಸಂಬಳಕ್ಕೆ, ಸ್ಕೂಟರಿನ ಪೆಟ್ರೋಲಿಗೆ ಚೂರುಪಾರು ಉಳಿದಿದ್ದರೆ ಆ ಅರ್ಜಿ ಅಲ್ಲಿಗೆ ಬದಿಗೆ ಸರಿಯುತ್ತದೆ. ಸಹಾಯವಾಣಿ ಇದೆ ಎಂದು ಬರೆದಿದ್ದರೆ ಮಧ್ಯಾಹ್ನದ ಹೊತ್ತು ಕರೆ ಮಾಡಿ ನೋಡುತ್ತೇನೆ. ಎಷ್ಟೋ ನಂಬರುಗಳು ಚಾಲ್ತಿಯಲ್ಲೇ ಇರುವುದಿಲ್ಲ. ಪ್ರಚಾರದ ವಿಡಿಯೊ ನೋಡುವುದು ಎಲ್ಲ ಮುಗಿದ ಮೇಲೆ. ಡ್ರೋನ್ ದೃಶ್ಯ, ಹಿನ್ನೆಲೆ ಸಂಗೀತ ಕೂಡಿದರೆ ಯಾವ ಯೋಜನೆಯೂ ಚೆಂದವೇ.

ಈಗಿನ ಅರ್ಜಿಗಳ ತುಂಬ ಎಐ. ಡಿಜಿಟಲ್ ಗ್ರೀನ್ ಸಂಸ್ಥೆಯೇ ‘ಫಾರ್ಮರ್.ಚಾಟ್’ ಎಂಬ ಸಲಹೆಗಾರನನ್ನು ತಂದಿದೆ. ಇಂಥ ಯೋಜನೆಯವರು ಎದುರಿಗೆ ಸಿಕ್ಕರೆ ನಾನು ಎರಡು ವಿಷಯ ಕೇಳುತ್ತೇನೆ. ಕಲಬುರಗಿಯ ತೊಗರಿ ಬೆಳೆಗಾರ ತನ್ನ ಮಾತಿನಲ್ಲಿ ಕೇಳಿದ್ದನ್ನು ಇಲ್ಲೇ ಹಾಕಿ ತೋರಿಸಿ. ಪತ್ರಿಕೆಯ ಕನ್ನಡವನ್ನು ಓದಿಸಿ ತೋರಿಸಬೇಡಿ. ಮತ್ತೆ, ಔಷಧಿಯ ಪ್ರಮಾಣ ತಪ್ಪು ಹೇಳಿ ಬೆಳೆ ಸುಟ್ಟರೆ ಆತ ಯಾರಿಗೆ ಫೋನ್ ಮಾಡಬೇಕು, ಎತ್ತುವವರು ಯಾರು? ಎರಡನೆಯದಕ್ಕೆ ಒಂದು ಹೆಸರು, ಆ ಹೆಸರಿನ ಮುಂದೆ ಮೂರು ವರ್ಷದ ಸಂಬಳ ಬಜೆಟ್ಟಿನಲ್ಲಿ ಕಂಡರೆ, ವಿಡಿಯೊ ಎಷ್ಟೇ ಸಪ್ಪೆಯಾಗಿದ್ದರೂ ನನ್ನ ಓಟು ಅವರಿಗೆ.