ಮಾಯದ ಹುಣ್ಣಿಗೆ ಕೊಲಾಜನ್ ಪಟ್ಟಿ: ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರಾಗಿ, ತೆಂಗು, ಮಾವುಗಳ ಬೇಸಾಯದೊಡನೆ ರೇಷ್ಮೆ ಸಾಕಣೆ ಮತ್ತು ನೂಲು ಬಿಚ್ಚಾಣಿಕೆ ಬಹಳ ಮನೆಗಳ ಜೀವನಾಧಾರ. ಈ ಕೆಲಸಗಳಲ್ಲಿ ಗಾಯ ತಪ್ಪಿದ್ದಲ್ಲ. ಹಿಪ್ಪುನೇರಳೆ ಕೊಯ್ಯುವಾಗ ಕುಡುಗೋಲು ತಗಲುತ್ತದೆ. ಕೊಯ್ದ ಕಡ್ಡಿಯ ಮೊನೆ ಬರಿಗಾಲಿಗೆ ಚುಚ್ಚುತ್ತದೆ. ಗೂಡು ಬೇಯಿಸುವ ನೀರು ಕೈಮೇಲೆ ಚೆಲ್ಲುತ್ತದೆ. ಆರೋಗ್ಯವಂತರಲ್ಲಿ ಸಣ್ಣ ಗಾಯ ಒಂದೆರಡು ವಾರಗಳಲ್ಲಿ ಮಾಯುತ್ತದೆ. ಆದರೆ ಕೆಲವು ತಿಂಗಳುಗಟ್ಟಲೆ ಹಾಗೆಯೇ ಉಳಿದು, ಕಡೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿಗೆ ತರುತ್ತವೆ. ಇಂತಹ ಹುಣ್ಣುಗಳಿಗೆ ಹಾಕುವ ಕೊಲಾಜನ್ ಪಟ್ಟಿಗಳು ಈಗ ಔಷಧದ ಅಂಗಡಿಗಳಲ್ಲೂ ದೊರೆಯುತ್ತವೆ. ಇವುಗಳ ಗುಣವನ್ನೂ ಮಿತಿಯನ್ನೂ ರೈತ ಬಾಂಧವರು ತಿಳಿದಿರುವುದು ಒಳ್ಳೆಯದು.

ಕೊಲಾಜನ್ ಎಂದರೇನು?

ನಮ್ಮ ಚರ್ಮ, ಮೂಳೆ, ಸ್ನಾಯುಗಳ ತುದಿಯ ನಾರು ಇವೆಲ್ಲಕ್ಕೂ ಬಿಗಿ ಕೊಡುವ ಸಸಾರಜನಕ ವಸ್ತುವೇ ಕೊಲಾಜನ್. ಶರೀರದ ಒಟ್ಟು ಸಸಾರಜನಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇದೇ. ಮೂರು ಎಳೆ ಸೇರಿಸಿ ಹುರಿ ಮಾಡಿದ ಹಗ್ಗದಂತೆ ಇದರ ರಚನೆ. ಈ ಮೂರೆಳೆಯ ರಚನೆಯನ್ನು 1954ರಲ್ಲಿ ಮುಂದಿಟ್ಟವರು ಮದ್ರಾಸ್ ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು.

ಚರ್ಮ, ಮೂಳೆಗಳನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಈ ಹುರಿ ಬಿಚ್ಚಿಕೊಂಡು ಅಂಟಾಗುತ್ತದೆ. ಬಡಗಿಗಳು ಹಿಂದೆ ಬಳಸುತ್ತಿದ್ದ ಸರೇಸು ಇದೇ. ಪಟ್ಟಿಗಾಗಿ ಮಾತ್ರ ಹುರಿ ಬಿಚ್ಚದಂತೆ, ಹೆಚ್ಚು ಬಿಸಿ ತಾಗಿಸದೆ ಕೊಲಾಜನನ್ನು ಬೇರ್ಪಡಿಸಿ, ಶುದ್ಧಿ ಮಾಡಿ, ರೋಗಾಣುರಹಿತಗೊಳಿಸುತ್ತಾರೆ. ದನದ ಚರ್ಮ ಅಥವಾ ಸ್ನಾಯುರಜ್ಜು, ಹಂದಿಯ ಚರ್ಮ, ಮೀನಿನ ಚರ್ಮ ಮತ್ತು ಗಾಳಿಚೀಲ ಇದರ ಮೂಲಗಳು. ನಮ್ಮ ದೇಶದಲ್ಲಿ ಈ ಬಗೆಯ ಪಟ್ಟಿಗಳ ಸಂಶೋಧನೆಯಲ್ಲಿ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಪಾತ್ರ ದೊಡ್ಡದು. ಆಹಾರದ ಕಟ್ಟುಪಾಡು ಅಥವಾ ಧಾರ್ಮಿಕ ನಂಬಿಕೆ ಇರುವವರು, ಮೀನು ಒಗ್ಗದವರು, ಪಟ್ಟಿ ಯಾವ ಪ್ರಾಣಿಯದೆಂದು ಮೊದಲೇ ವೈದ್ಯರನ್ನು ಕೇಳಬಹುದು. ಕೇಳಲು ಸಂಕೋಚ ಬೇಡ.

ಗಾಯ ಮಾಯುವ ಬಗೆ

ಗಾಯವಾದೊಡನೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡನೆಯದಾಗಿ ಬಿಳಿ ರಕ್ತಕಣಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ತೆಗೆಯುತ್ತವೆ. ಆಗ ಬಾವು, ಬಿಸಿ, ನೋವು ಕಾಣುತ್ತವೆ. ಮೂರನೆಯದಾಗಿ ಹೊಸ ರಕ್ತನಾಳಗಳೂ ಹೊಸ ಕೊಲಾಜನ್ನೂ ಹುಟ್ಟಿ, ಗುಂಡಿ ಕೆಂಪು ಮಾಂಸದಿಂದ ತುಂಬಿ, ಅಂಚಿನಿಂದ ಚರ್ಮ ಹರಿದು ಬರುತ್ತದೆ. ಕಡೆಯದಾಗಿ ಕಲೆ ಗಟ್ಟಿಯಾಗುತ್ತದೆ.

ಹಳೆಯ ಹುಣ್ಣು ಎರಡನೆಯ ಹಂತದಲ್ಲೇ ನಿಂತುಬಿಡುತ್ತದೆ. ಅಲ್ಲಿ ಕೊಲಾಜನನ್ನು ಕರಗಿಸುವ ಕಿಣ್ವಗಳು ಮಿತಿಮೀರಿ, ಶರೀರ ಕಟ್ಟಿದ್ದನ್ನು ಮತ್ತೆ ಮತ್ತೆ ಕೆಡವುತ್ತವೆ. ಹೊರಗಿನಿಂದ ಇಟ್ಟ ಕೊಲಾಜನ್ ಎರಡು ರೀತಿಯಲ್ಲಿ ನೆರವಾಗಬಲ್ಲದು: ಕಿಣ್ವಗಳು ಅದನ್ನು ತಿನ್ನುತ್ತಿರುವಾಗ ಹೊಸ ಮಾಂಸ ಉಳಿಯುತ್ತದೆ, ಹಂಬಿಗೆ ಚಪ್ಪರವಿದ್ದಂತೆ ಹೊಸ ಜೀವಕೋಶಗಳಿಗೆ ಅದು ಆಸರೆಯೂ ಆಗುತ್ತದೆ.

ಎಲ್ಲಿ ಉಪಯುಕ್ತ?

ಮೇಲ್ಪದರದ, ಬೊಬ್ಬೆ ಬಂದ ಸುಟ್ಟಗಾಯಗಳಿಗೆ ಈ ಪಟ್ಟಿ ಚೆನ್ನಾಗಿ ಒಗ್ಗುತ್ತದೆ. ನೂಲು ಬಿಚ್ಚುವವರ ಕೈಗಳಿಗಾಗುವ ಬಿಸಿನೀರಿನ ಗಾಯ ಹೆಚ್ಚಾಗಿ ಈ ಜಾತಿಯದು. ಶುಚಿಗೊಳಿಸಿದ ಗಾಯಕ್ಕೆ ಅಂಟಿಸಿದ ಹಾಳೆ ಗಾಳಿಯಿಂದ ಮರೆ ಮಾಡಿ ನೋವು ತಗ್ಗಿಸುತ್ತದೆ. ದಿನವೂ ಪಟ್ಟಿ ಬಿಚ್ಚಿ ಕಟ್ಟುವ ಸಂಕಟ ತಪ್ಪುತ್ತದೆ. ಕೆಳಗೆ ಹೊಸ ಚರ್ಮ ಬಂದಂತೆ ಹಾಳೆ ತಾನಾಗಿಯೇ ಒಣಗಿ ಕಳಚುತ್ತದೆ. ಬಲವಂತವಾಗಿ ಕೀಳಕೂಡದು. ಚರ್ಮ ಕಸಿಗಾಗಿ ತೊಡೆಯಿಂದ ಚರ್ಮ ತೆಗೆದ ಜಾಗಕ್ಕೂ ಇದನ್ನು ಹಾಕುವುದುಂಟು.

ಕಾಲಿನ ರಕ್ತನಾಳ ಉಬ್ಬಿ ಆದ ಹುಣ್ಣು, ಹಾಸಿಗೆ ಹಿಡಿದವರ ಬೆನ್ನುಹುಣ್ಣುಗಳಿಗೂ ವೈದ್ಯರು ಕೊಲಾಜನ್ ಬಳಸುತ್ತಾರೆ. ಆದರೆ ಮೊದಲನೆಯದಕ್ಕೆ ಬಿಗಿಪಟ್ಟಿ, ಎರಡನೆಯದಕ್ಕೆ ಆಗಾಗ ಮಗ್ಗುಲು ಬದಲಿಸುವುದೇ ಮುಖ್ಯ ಚಿಕಿತ್ಸೆ.

ಸಕ್ಕರೆ ಕಾಯಿಲೆಯ ಕಾಲುಹುಣ್ಣು

ಇಲ್ಲಿ ವಿಶೇಷ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ಜೋಮು ಹಿಡಿದು ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ನೋವಿಲ್ಲವೆಂದು ರೈತ ಅದೇ ಕಾಲಿನಲ್ಲಿ ಹೊಲಕ್ಕೆ ನಡೆಯುತ್ತಾನೆ. ಪ್ರತಿ ಹೆಜ್ಜೆಗೂ ಹುಣ್ಣು ಜಜ್ಜುತ್ತದೆ. ಹೀಗಿರುವಾಗ ಎಷ್ಟು ಬೆಲೆಯ ಪಟ್ಟಿ ಕಟ್ಟಿದರೂ ವ್ಯರ್ಥ. ಮಧುಮೇಹದ ಪಾದರೋಗಗಳ ಅಂತಾರಾಷ್ಟ್ರೀಯ ತಜ್ಞರ ಕೂಟವು 2023ರ ತನ್ನ ಮಾರ್ಗಸೂಚಿಯಲ್ಲಿ, ಈ ಹುಣ್ಣು ಮಾಯಿಸುವ ಉದ್ದೇಶಕ್ಕೆ ಕೊಲಾಜನ್ ಪಟ್ಟಿ ಬೇಡವೆಂದೇ ಸಲಹೆ ಮಾಡಿದೆ. ಲಾಭಕ್ಕೆ ಸಾಕಷ್ಟು ಆಧಾರ ದೊರೆತಿಲ್ಲ. ಆದ್ದರಿಂದ ಕೈಯಲ್ಲಿರುವ ಹಣವನ್ನು ಮೊದಲು ಈ ನಾಲ್ಕಕ್ಕೆ ವಿನಿಯೋಗಿಸಬೇಕು:

1. ಪಾದದ ಮೇಲಿನ ಭಾರ ಇಳಿಸುವುದು. ವೈದ್ಯರು ಹೇಳಿದ ಪ್ಲಾಸ್ಟರ್ ಅಥವಾ ವಿಶೇಷ ಪಾದರಕ್ಷೆ ಧರಿಸಿ, ನಡಿಗೆ ಕಡಿಮೆ ಮಾಡುವುದು.
2. ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು.
3. ಸತ್ತ ಮಾಂಸವನ್ನು ಆಸ್ಪತ್ರೆಯಲ್ಲಿ ತೆಗೆಸಿ, ಕೀವಿಗೆ ಔಷಧ ಪಡೆಯುವುದು.
4. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಪರೀಕ್ಷೆ ಮಾಡಿಸುವುದು.

ಎಲ್ಲಿ ಹಾಕಕೂಡದು?

ಕೀವು ತುಂಬಿದ, ದುರ್ವಾಸನೆಯ, ಕಪ್ಪು ಹೆಪ್ಪಳಿಕೆ ಕಟ್ಟಿದ ಹುಣ್ಣಿನ ಮೇಲೆ ಕೊಲಾಜನ್ ಹಾಳೆ ಮುಚ್ಚಿದರೆ ಕೀವು ಒಳಗೇ ಉಳಿದು ಅಪಾಯವಾಗುತ್ತದೆ. ಆಳವಾಗಿ ಸುಟ್ಟು ಬಿಳಿಚಿದ ಅಥವಾ ಕರಿಕಾದ ಗಾಯಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಹಾವು ಕಚ್ಚಿದ ಜಾಗದಲ್ಲಿ ಮಾಂಸ ಸತ್ತಿದ್ದರೆ ಮೊದಲು ಅದನ್ನು ತೆಗೆಯಬೇಕು.

ಹಾಕುವ ಕ್ರಮ

ಇದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಗಾಯವನ್ನು ಲವಣದ ದ್ರಾವಣದಿಂದ ತೊಳೆದು ಶುಚಿ ಮಾಡುತ್ತಾರೆ. ಕೆಲವು ಹಾಳೆಗಳನ್ನು ಆಲ್ಕೋಹಾಲ್ ಬೆರೆತ ದ್ರವದಲ್ಲಿ ಇಟ್ಟಿರುತ್ತಾರೆ. ಅಂಥವನ್ನು ಚೆನ್ನಾಗಿ ತೊಳೆದೇ ಹಾಕಬೇಕು, ಇಲ್ಲವಾದರೆ ಉರಿಯುತ್ತದೆ. ಗಾಯದ ಅಂಚಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಗಾಳಿಗುಳ್ಳೆ ಉಳಿಯದಂತೆ ಹೊಂದಿಸಿ, ಮೇಲೆ ಗಾಜ್ ಬಟ್ಟೆ ಕಟ್ಟುತ್ತಾರೆ. ಆಳದ ಗುಂಡಿಗೆ ಪುಡಿ ಅಥವಾ ಹರಳು ರೂಪದ ಕೊಲಾಜನ್ ಉಂಟು. ಹಳೆಯ ಹುಣ್ಣಿನಲ್ಲಿ ಒಸರುವಿಕೆ ನೋಡಿ ಕೆಲವು ದಿನಗಳಿಗೊಮ್ಮೆ ಬದಲಿಸುತ್ತಾರೆ. ಮನೆಯಲ್ಲಿ ಪಟ್ಟಿ ನೆನೆಯದಂತೆ ನೋಡಿಕೊಳ್ಳಬೇಕು. ಜ್ವರ, ಹೆಚ್ಚಿದ ನೋವು, ಕೆಂಪು ಹರಡುವುದು, ವಾಸನೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಶರೀರ ತನ್ನ ಕೊಲಾಜನನ್ನು ತಾನೇ ಕಟ್ಟಲು ಸಸಾರಜನಕವೂ ಸಿ ಜೀವಸತ್ವವೂ ಬೇಕು. ಹುರುಳಿ, ಅವರೆ, ಮೊಟ್ಟೆ, ಹಾಲಿನೊಡನೆ ನೆಲ್ಲಿಕಾಯಿ, ಸೀಬೆ, ನಿಂಬೆ ಸೇವಿಸಬೇಕು. ಸಕ್ಕರೆ ಕಾಯಿಲೆಯವರು ಹಣ್ಣಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಲಿ. ಬೀಡಿ, ಸಿಗರೇಟು ರಕ್ತನಾಳ ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತವೆ.

ರೇಷ್ಮೆಯಿಂದಲೂ ಪಟ್ಟಿ

ರಾಮನಗರದ ಮಾರುಕಟ್ಟೆಗೆ ಬರುವ ಗೂಡಿಗೂ ಈ ವಿಷಯಕ್ಕೂ ಸಂಬಂಧವಿದೆ. ರೇಷ್ಮೆ ಎಳೆಯಲ್ಲಿ ಎರಡು ಸಸಾರಜನಕಗಳಿವೆ. ಒಳಗಿನ ತಿರುಳು ಫೈಬ್ರೋಯಿನ್. ಹೊರಗಿನ ಅಂಟು ಸೆರಿಸಿನ್. ಬಿಸಿನೀರಿನಲ್ಲಿ ಮೆತ್ತಗಾಗಿ ಎಳೆ ಬಿಚ್ಚಿಕೊಳ್ಳಲು ಬಿಡುವುದು ಈ ಸೆರಿಸಿನ್ನೇ. ಇವು ಕೊಲಾಜನ್ ಅಲ್ಲ. ಆದರೂ ಇವುಗಳಿಂದ ಗಾಯದ ಪಟ್ಟಿಗಳನ್ನು ಬೆಂಗಳೂರಿನಲ್ಲಿ ತಯಾರಿಸಲಾಗುತ್ತಿದೆ. ಹಾಗೆಂದು ಹಸಿ ಗೂಡನ್ನಾಗಲೀ ಬಿಚ್ಚಿದ ಎಳೆಯನ್ನಾಗಲೀ ಗಾಯಕ್ಕೆ ಕಟ್ಟಕೂಡದು, ಅವು ರೋಗಾಣುರಹಿತವಲ್ಲ.

ನೆನಪಿಡಬೇಕಾದ ಅಂಶಗಳು

1. ಬಿಸಿನೀರು ಬಿದ್ದೊಡನೆ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ.
2. ಸಗಣಿ, ಬೂದಿ, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು, ಶಾಯಿ, ಹಲ್ಲುಜ್ಜುವ ಪೇಸ್ಟ್ ಯಾವುದನ್ನೂ ಹಚ್ಚಬೇಡಿ.
3. ಮಣ್ಣು, ಗೊಬ್ಬರ ತಾಗಿದ ಗಾಯಕ್ಕೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸಿ.
4. ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ; ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬೇಡಿ. ಪಾದದಲ್ಲಿ ಹುಣ್ಣು ಕಂಡರೆ ಒಂದು ದಿನವೂ ಕಾಯಬೇಡಿ.
5. ಬೇರೆಯವರಲ್ಲೂ, 4 ವಾರಗಳಲ್ಲಿ ಅರ್ಧದಷ್ಟಾದರೂ ಚಿಕ್ಕದಾಗದ ಹುಣ್ಣನ್ನು ಮಾಯದ ಹುಣ್ಣೆಂದೇ ತಿಳಿದು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಕಾರಣ ತಿಳಿದ ಮೇಲೆಯೇ ಪಟ್ಟಿಯ ಮಾತು.