ಪೈಥಾನ್ ಭಾಷೆಗೆ ಬಂದ ಎರಡು ಹೊಸ ಪದಗಳು

ಜನರಾಡುವ ಭಾಷೆಯಲ್ಲಿ ಹೊಸ ಪದವೊಂದು ಹುಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬಸ್ಸು, ರೈಲು, ಮೊಬೈಲು ಮುಂತಾದುವು ಯಾವ ಪಂಡಿತರ ಒಪ್ಪಿಗೆಗೂ ಕಾಯದೆ ನಮ್ಮ ನುಡಿಯೊಳಗೆ ಬಂದು ನೆಲಸಿದುವು. ಆದರೆ ಗಣಕಯಂತ್ರಕ್ಕೆ ಆಜ್ಞೆ ಕೊಡಲು ಮನುಷ್ಯನು ನಿರ್ಮಿಸಿಕೊಂಡಿರುವ ಭಾಷೆಗಳ ಸಂಗತಿ ಹಾಗಲ್ಲ. ಪೈಥಾನ್ ಎಂಬ ಭಾಷೆಯಲ್ಲಿ ಇಂಥ ಒಂದು ಪದ ಸೇರಬೇಕಾದರೆ ಯಾರಾದರೂ ಮನವಿ ಬರೆಯಬೇಕು. ಬಲ್ಲವರು ಅದನ್ನು ಚರ್ಚಿಸಬೇಕು. ಕೊನೆಗೆ ಒಂದು ಮಂಡಲಿ ತೀರ್ಪು ಕೊಡಬೇಕು. ಒಮ್ಮೆ ಸೇರಿದ ಪದವನ್ನು ಹಿಂದಕ್ಕೆ ತೆಗೆಯುವುದೂ ಸುಲಭವಲ್ಲ. 2020ರಲ್ಲಿ ಹೀಗೆ ಸೇರಿದ ಎರಡು ಪದಗಳ ವೃತ್ತಾಂತವನ್ನು ಇಲ್ಲಿ ಪರಿಶೀಲಿಸೋಣ. ವಿಷಯವು ಯಂತ್ರದ್ದಾದರೂ ಅದರ ತಿರುಳು ಪ್ರತ್ಯಯಗಳಿಗೆ ಸಂಬಂಧಿಸಿದ್ದು. ಆದುದರಿಂದ ಕಲಾ ವಿಭಾಗದ ವಾಚಕರಿಗೂ ಅದು ಅಪರಿಚಿತವೆನಿಸಲಾರದು.

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್ಲೆಂಡ್ಸ್ ದೇಶದ ಗಿಡೋ ವಾನ್ ರೊಸ್ಸಮ್. ಅದು ಮೊದಲು ಹೊರಬಂದದ್ದು 1991ರಲ್ಲಿ. ಬರಹದ ತುಣುಕನ್ನು ಅಲ್ಲಿ ಸ್ಟ್ರಿಂಗ್ ಎಂದು ಕರೆಯುತ್ತಾರೆ. ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದರ ಪಕ್ಕದಲ್ಲೊಂದು ನಿಂತ ಅಕ್ಷರಚಿಹ್ನೆಗಳ ಸರವೆಂದೇ ಅದನ್ನು ಭಾವಿಸಬಹುದು. ಸರವನ್ನು ತುಂಡರಿಸುವುದು, ಅದರಲ್ಲಿ ಒಂದು ಭಾಗವನ್ನು ಹುಡುಕುವುದು, ಒಂದರ ಬದಲು ಮತ್ತೊಂದನ್ನು ಇಡುವುದು, ಇಂಥ ಸಿದ್ಧ ಕೆಲಸಗಳಿಗೆ ಮೆಥಡ್ ಎಂದು ಹೆಸರು. ಸರದ ಎಡತುದಿಯಿಂದ ಚಿಹ್ನೆಗಳನ್ನು ಸುಲಿಯುವ ಮೆಥಡ್ ಎಲ್‌ಸ್ಟ್ರಿಪ್. ಬಲತುದಿಯಿಂದ ಸುಲಿಯುವುದು ಆರ್‌ಸ್ಟ್ರಿಪ್. ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನು ತೆಗೆಯುವುದಕ್ಕೆ ಇವು ಬಹಳ ಕಾಲದಿಂದ ಬಳಕೆಯಲ್ಲಿವೆ.

ತೊಡಕು ಇರುವುದು ಇಲ್ಲಿಯೇ. ‘ಮರಗಳು’ ಎಂಬ ಪದದಿಂದ ಬಹುವಚನದ ‘ಗಳು’ ಪ್ರತ್ಯಯವನ್ನು ತೆಗೆಯಬೇಕೆಂದು ಇಟ್ಟುಕೊಳ್ಳೋಣ. ಆರ್‌ಸ್ಟ್ರಿಪ್‌ಗೆ ‘ಗಳು’ ಎಂದು ಹೇಳಿದರೆ ‘ಮರ’ ಎಂಬ ಸರಿಯಾದ ಉತ್ತರವೇ ಬರುತ್ತದೆ. ಈಗ ‘ಕಾಳುಗಳು’ ಎಂಬ ಪದವನ್ನು ಕೊಟ್ಟುನೋಡಿ. ‘ಕಾಳು’ ಎಂಬ ಉತ್ತರವನ್ನು ನಾವು ನಿರೀಕ್ಷಿಸುತ್ತೇವೆ. ಯಂತ್ರವು ಕೊಡುವುದು ‘ಕಾ’ ಎಂಬುದನ್ನು ಮಾತ್ರ!

ಇದಕ್ಕೆ ಕಾರಣವೇನು? ಆರ್‌ಸ್ಟ್ರಿಪ್ ‘ಗಳು’ ಎಂಬುದನ್ನು ಒಂದು ಇಡೀ ಪ್ರತ್ಯಯವೆಂದು ತಿಳಿಯುವುದಿಲ್ಲ. ಗ, ಳ, ಉಕಾರದ ಕೊಂಬು ಎಂಬ ಮೂರು ಬಗೆಯ ಮಣಿಗಳ ಪಟ್ಟಿ ಎಂದು ತಿಳಿಯುತ್ತದೆ. ಬಲತುದಿಯಿಂದ ಹೊರಟು, ಈ ಮೂರರಲ್ಲಿ ಯಾವುದು ಎದುರಾದರೂ ಕಿತ್ತುಹಾಕುತ್ತ, ಪಟ್ಟಿಯಲ್ಲಿಲ್ಲದ ಮಣಿ ಸಿಕ್ಕಿದಾಗಷ್ಟೇ ನಿಲ್ಲುತ್ತದೆ. ‘ಗಳು’ ಹೋದ ಮೇಲೆ ‘ಕಾಳು’ ಪದದ ಕೊಂಬೂ ಳಕಾರವೂ ಅದೇ ಪಟ್ಟಿಯಲ್ಲಿರುವುದರಿಂದ ಅವೂ ಹೋಗುತ್ತವೆ. ಯಂತ್ರವು ತನಗೆ ಹೇಳಿದ್ದನ್ನೇ ಮಾಡಿತು. ಹೇಳುವವನ ಅಭಿಪ್ರಾಯ ಬೇರೆಯಾಗಿತ್ತು. ‘ಮರಗಳು’ ಮುಂತಾದ ಪದಗಳಲ್ಲಿ ಉತ್ತರ ಸರಿಯಾಗಿಯೇ ಬರುವುದರಿಂದ ಈ ದೋಷವು ಬಹುಕಾಲ ಕಣ್ಣಿಗೆ ಬೀಳದೆ ಅಡಗಿರಬಲ್ಲದು. ಸದಾ ತಪ್ಪುವ ಗಡಿಯಾರಕ್ಕಿಂತ ಒಮ್ಮೊಮ್ಮೆ ತಪ್ಪುವ ಗಡಿಯಾರವು ಹೆಚ್ಚು ಅಪಾಯಕರವಲ್ಲವೆ?

ಹಲವು ದೇಶಗಳ ಜನ ಈ ಗೊಂದಲಕ್ಕೆ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರು. ಹೀಗಿರಲು 2020ರ ಮಾರ್ಚಿಯಲ್ಲಿ ಡೆನಿಸ್ ಸ್ವೀನಿ ಎಂಬವರು ಒಂದು ಮನವಿಯನ್ನು ಬರೆದರು. ಪೈಥಾನ್ ಬಳಗದಲ್ಲಿ ಇಂಥ ಮನವಿಗೆ ಪೆಪ್ ಎಂದು ಹೆಸರು; ಇದರ ಸಂಖ್ಯೆ 616. ರಿಮೂವ್‌ಪ್ರಿಫಿಕ್ಸ್ ಮತ್ತು ರಿಮೂವ್‌ಸಫಿಕ್ಸ್ ಎಂಬ ಎರಡು ಮೆಥಡ್‌ಗಳು ಬೇಕೆಂಬುದೇ ಅದರ ಸಾರಾಂಶ. ಮೊದಲನೆಯದು ಪದದ ಮೊದಲ ಭಾಗವನ್ನೂ ಎರಡನೆಯದು ಕೊನೆಯ ಭಾಗವನ್ನೂ ಇಡಿಯಾಗಿ, ಒಂದೇ ಒಂದು ಸಲ ತೆಗೆಯುತ್ತವೆ. ಆ ಭಾಗವು ಅಲ್ಲಿ ಇಲ್ಲದಿದ್ದರೆ ಪದವನ್ನು ಇದ್ದಂತೆಯೇ ಹಿಂದಿರುಗಿಸುತ್ತವೆ.

ಇಷ್ಟು ಸಣ್ಣ ಕೆಲಸಕ್ಕೆ ಹೊಸ ಪದವೇಕೆ ಎಂದು ಕೇಳುವುದು ಸಹಜ. ಪದವು ‘ಗಳು’ ಎಂದು ಮುಗಿಯುವುದೋ ಎಂದು ಮೊದಲು ನೋಡಿ, ಮುಗಿಯುವುದಾದರೆ ಅಷ್ಟು ಚಿಹ್ನೆಗಳನ್ನು ಎಣಿಸಿ ಕತ್ತರಿಸಿದರೆ ಸಾಕಲ್ಲವೆ? ಸಾಕು, ಆದರೆ ಎಣಿಕೆಯಲ್ಲಿ ಕೈತಪ್ಪುವುದುಂಟು. ಅದಕ್ಕಿಂತ ವಿಚಿತ್ರವಾದ ಪ್ರಸಂಗ ಇನ್ನೊಂದಿದೆ. ತೆಗೆಯಬೇಕಾದ ಭಾಗವೇ ಬರಿದಾಗಿದ್ದರೆ, ಅಂದರೆ ಏನನ್ನೂ ತೆಗೆಯಬೇಕಾಗಿಲ್ಲದಿದ್ದರೆ, ಬಲದಿಂದ ಸೊನ್ನೆ ಚಿಹ್ನೆ ಬಿಟ್ಟು ಉಳಿದುದನ್ನು ಕೊಡೆಂದು ಆಜ್ಞೆ ಬರೆದಂತಾಗುತ್ತದೆ. ಸೊನ್ನೆಗೆ ಋಣಚಿಹ್ನೆ ಹಚ್ಚಿದರೂ ಸೊನ್ನೆಯೇ. ಪೈಥಾನ್ ಅದನ್ನು ‘ಮೊದಲ ಸೊನ್ನೆ ಚಿಹ್ನೆಗಳನ್ನು ಕೊಡು’ ಎಂದು ಓದಿಕೊಳ್ಳುತ್ತದೆ. ಪರಿಣಾಮವಾಗಿ ಪದವೇ ಪೂರ್ತಿ ಅಳಿಸಿಹೋಗುತ್ತದೆ. ಪ್ರತಿಯೊಬ್ಬರೂ ಈ ಹಳ್ಳವನ್ನು ತಾವೇ ದಾಟಿಕೊಳ್ಳಲಿ ಎನ್ನುವುದಕ್ಕಿಂತ ಒಮ್ಮೆ ಸರಿಯಾಗಿ ಸೇತುವೆ ಕಟ್ಟುವುದು ಲೇಸು.

ಹೆಸರಿನ ವಿಷಯದಲ್ಲಿಯೂ ಚರ್ಚೆ ನಡೆಯಿತು. ‘ಸ್ಟ್ರಿಪ್’ ಎಂಬ ಮಾತು ಹಳೆಯ ಗೊಂದಲವನ್ನೇ ನೆನಪಿಸುವುದರಿಂದ ಅದನ್ನು ಬಿಟ್ಟು, ನೇರವಾದ ‘ರಿಮೂವ್’ ಎಂಬುದನ್ನು ಆರಿಸಿಕೊಂಡರು. ಹಲವು ಪ್ರತ್ಯಯಗಳನ್ನು ಒಟ್ಟಿಗೆ ಕೊಡಲು ಅವಕಾಶವಿರಲಿ ಎಂಬ ಸಲಹೆಯನ್ನು ಕೈಬಿಡಲಾಯಿತು. ಏಕೆಂದರೆ ‘ಳು’, ‘ಗಳು’ ಎರಡನ್ನೂ ಕೊಟ್ಟರೆ ‘ಕಾಳುಗಳು’ ಎಂಬುದು ‘ಕಾಳುಗ’ ಆಗಬೇಕೋ ‘ಕಾಳು’ ಆಗಬೇಕೋ? ಎರಡು ಅರ್ಥಕ್ಕೆ ಎಡೆಯಿರುವ ಕಡೆ ಸುಮ್ಮನಿರುವುದೇ ವಿವೇಕ. ಮನವಿಯು ಅಂಗೀಕಾರವಾಗಿ, 2020ರ ಅಕ್ಟೋಬರ್ 5ರಂದು ಹೊರಬಂದ ಪೈಥಾನ್ 3.9ರಲ್ಲಿ ಈ ಎರಡು ಪದಗಳು ಸೇರಿದುವು.

ಇಷ್ಟೊಂದು ಎಚ್ಚರಿಕೆ ಅತಿಯೆಂದು ತೋರಿದರೆ ಜಾವಾಸ್ಕ್ರಿಪ್ಟ್ ಭಾಷೆಯ ಒಂದು ನಿದರ್ಶನವನ್ನು ನೋಡಬಹುದು. ಒಂದು ಸ್ಟ್ರಿಂಗ್‌ನೊಳಗೆ ಮತ್ತೊಂದು ಇದೆಯೇ ಎಂದು ತಿಳಿಸುವ ಮೆಥಡ್‌ಗೆ ಅಲ್ಲಿ ಮೊದಲು ಕಂಟೇನ್ಸ್ ಎಂದು ಹೆಸರಿಟ್ಟಿದ್ದರು. ಆದರೆ ಮೂಟೂಲ್ಸ್ ಎಂಬ ಹಳೆಯ ಸಾಧನವು ಅದೇ ಹೆಸರಿನಲ್ಲಿ ತುಸು ಬೇರೆ ರೀತಿಯ ಮೆಥಡನ್ನು ಆಗಲೇ ಬಳಸುತ್ತಿತ್ತು. ಫೈರ್‌ಫಾಕ್ಸ್ ಹೊಸದನ್ನು ಅಳವಡಿಸಿದಾಗ, ಆ ಸಾಧನವನ್ನು ನೆಚ್ಚಿದ್ದ ಕೆಲವು ಜಾಲತಾಣಗಳು ಕೆಟ್ಟುನಿಂತುವು. ಕೊನೆಗೆ 2015ರ ನಿಯಮಾವಳಿಯಲ್ಲಿ ಅದು ಇನ್‌ಕ್ಲೂಡ್ಸ್ ಎಂಬ ಹೆಸರಿನಿಂದ ಬಂದಿತು. ಊರಿನಲ್ಲಿ ಈಗಾಗಲೇ ಒಬ್ಬನಿಗಿರುವ ಹೆಸರನ್ನು ಮತ್ತೊಬ್ಬನಿಗೆ ಇಟ್ಟರೆ ಟಪಾಲು ತಪ್ಪಿಹೋಗುವಂತೆಯೇ ಇದು.

ಇನ್ನು ಕನ್ನಡದ ಮಾತಿಗೆ ಬರೋಣ. ಹೊಸ ಮೆಥಡ್ ‘ಕಾಳುಗಳು’ ಎಂಬುದನ್ನು ಸರಿಯಾಗಿ ‘ಕಾಳು’ ಮಾಡುತ್ತದೆ, ನಿಜ. ಆದರೆ ‘ತಿಂಗಳು’ ಎಂಬ ಪದವನ್ನು ಕೊಟ್ಟರೆ ‘ತಿಂ’ ಎಂದು ಕತ್ತರಿಸಿಬಿಡುತ್ತದೆ! ಅಲ್ಲಿರುವ ‘ಗಳು’ ಪ್ರತ್ಯಯವಲ್ಲ, ಪದದ ಅಂಗವೇ ಎಂಬುದು ಅದಕ್ಕೆ ತಿಳಿಯದು. ‘ಮರಗಳನ್ನು’ ಎಂಬುದನ್ನು ಕೊಟ್ಟರೆ ಮುಟ್ಟುವುದೇ ಇಲ್ಲ. ಸಂಧಿಯಲ್ಲಿ ಉಕಾರವು ಲೋಪವಾಗಿ ವಿಭಕ್ತಿಯು ಮುಂದೆ ಸೇರಿದೆಯೆಂದು ಅದಕ್ಕೆ ಹೇಳಿದವರಾರು? ‘ಕಾಳು’ ಎಂಬುದರ ಉದ್ದವೆಷ್ಟೆಂದು ಕೇಳಿದರೆ ಪೈಥಾನ್ 4 ಎನ್ನುತ್ತದೆ. ಕ, ದೀರ್ಘ, ಳ, ಕೊಂಬು ಇವನ್ನು ಅದು ಬೇರೆಬೇರೆಯಾಗಿ ಎಣಿಸುತ್ತದೆ. ಶಾಲೆಯ ಮಗು 2 ಎನ್ನುತ್ತದೆ. 2014ರಲ್ಲಿ ಪ್ರಕಟವಾದ ಸ್ವಿಫ್ಟ್ ಎಂಬ ಭಾಷೆಯೂ 2 ಎಂದೇ ಎಣಿಸುತ್ತದೆ. ಆದುದರಿಂದ ಮಗುವಿನ ಎಣಿಕೆ ಯಂತ್ರಕ್ಕೆ ಅಸಾಧ್ಯವಾದುದೇನೂ ಅಲ್ಲ. ಭಾಷೆಯನ್ನು ರೂಪಿಸುವವರು ಯಾವುದನ್ನು ಅಕ್ಷರವೆಂದು ಒಪ್ಪುತ್ತಾರೆಂಬುದೇ ಪ್ರಶ್ನೆ.

ಕನ್ನಡದ ಪದಗಳನ್ನು ಹುಡುಕುವ, ತಿದ್ದುವ, ನಿಘಂಟಿಗೆ ಸೇರಿಸುವ ಕೆಲಸಗಳೆಲ್ಲ ಇಂದು ಈ ಬಗೆಯ ಸಣ್ಣ ಮೆಥಡ್‌ಗಳ ಮೇಲೆ ನಿಂತಿವೆ. ತುದಿಯನ್ನು ಕತ್ತರಿಸುವ ಕತ್ತರಿಯನ್ನು ಪೈಥಾನ್ ಕೊಟ್ಟಿದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡದು ಎಂಬುದನ್ನು ಹೇಳಬಲ್ಲವರು ಸಂಧಿ, ಸಮಾಸ, ವಿಭಕ್ತಿಗಳನ್ನು ಓದಿದವರೇ. ಪರೀಕ್ಷೆಗಾಗಿ ಕಂಠಪಾಠ ಮಾಡಿ ಮರೆಯುವ ವ್ಯಾಕರಣಕ್ಕೆ ಇಲ್ಲಿ ಹೊಸದೊಂದು ಉಪಯೋಗವಿದೆ. ಪೈಥಾನಿನ ಮನವಿಯನ್ನು ಯಾರು ಬೇಕಾದರೂ ಬರೆಯಬಹುದು. ಗೊಂದಲ ಎಲ್ಲಿದೆಯೆಂದು ಉದಾಹರಣೆಸಹಿತ ತೋರಿಸುವುದೇ ಅದರ ಮೊದಲ ಹೆಜ್ಜೆ. ಅಂಥ ಉದಾಹರಣೆಗಳು ನಮ್ಮ ವ್ಯಾಕರಣದ ಪುಸ್ತಕದಲ್ಲಿ ಪುಟಪುಟಕ್ಕೂ ದೊರೆಯುತ್ತವೆ.