ಮೊದಲು ಚಾಳೀಸು, ಆಮೇಲೆ ಅಕ್ಷರ

ಊರಿನ ಸಾಕ್ಷರತಾ ಕೇಂದ್ರದಲ್ಲಿ ಪಾಠ ಹೇಳಲು ಒಪ್ಪಿಕೊಂಡಿದ್ದೀರಾ? ಒಳ್ಳೆಯದಾಯಿತು. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮ ನಿಂತಿರುವುದೇ ನಿಮ್ಮಂಥ ಸ್ವಯಂಸೇವಕರ ಮೇಲೆ. ಆದರೆ ಮೊದಲ ವಾರ ಕೋಣೆ ತುಂಬಿತೆಂದು ಹಿಗ್ಗಬೇಡಿ. ಮೂರನೇ ತಿಂಗಳಲ್ಲಿ ಎಷ್ಟು ಮಂದಿ ಉಳಿದರು ಅನ್ನುವುದೇ ಲೆಕ್ಕ.

ಐವತ್ತು ದಾಟಿದವರು ಪುಸ್ತಕವನ್ನು ತೋಳುದ್ದ ದೂರ ಹಿಡಿಯುತ್ತಾರೆಯೇ, ಗಮನಿಸಿ. ‘ನನ್ನ ತಲೆಗೆ ಹತ್ತಲ್ಲ ಬಿಡಿ ಮೇಷ್ಟ್ರೇ’ ಎಂದು ಎದ್ದು ಹೋಗುವವರಲ್ಲಿ ಹಲವರ ತೊಂದರೆ ತಲೆಯದ್ದಲ್ಲ, ಕಣ್ಣಿನದು. ‘ಥ’ದ ಹೊಟ್ಟೆಯೊಳಗಿನ ಚುಕ್ಕೆಯೇ ಕಾಣದಿದ್ದರೆ ಅದು ‘ಧ’ ಅಲ್ಲವೆಂದು ಗೊತ್ತಾಗುವುದು ಹೇಗೆ? ಒಂದು ಚಾಳೀಸು ಹೊಂದಿಸಿಕೊಡಿ.

ವರ್ಣಮಾಲೆಗೆ ಅವಸರವಿಲ್ಲ. ಅವರ ಹೆಸರು, ಮೊಮ್ಮಗಳ ಹೆಸರು, ಬಸ್ಸಿನ ಬೋರ್ಡು ಮೊದಲಿರಲಿ. ಒತ್ತಕ್ಷರ ನಿಧಾನಕ್ಕೆ ಬರಲಿ. ಅದನ್ನು ಕಂಡರೆ ಚಿಕ್ಕಂದಿನಲ್ಲಿ ನನಗೂ ಜ್ವರ ಬರುತ್ತಿತ್ತು.

ಸುಗ್ಗಿಯಲ್ಲಿ ಯಾರೂ ಬರುವುದಿಲ್ಲ, ಬೇಜಾರಾಗಬೇಡಿ. ಕೊಯ್ಲು ಮುಗಿದ ಮೇಲೆ ಬಾಗಿಲಲ್ಲಿ ಅಳುಕುತ್ತಾ ನಿಂತವರನ್ನು ‘ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?’ ಎಂದು ಮಾತ್ರ ಕೇಳಬೇಡಿ. ‘ಬನ್ನಿ ಅಕ್ಕಾ, ಈ ಸಲ ರಾಗಿ ಹೆಂಗಾಯ್ತು?’ ಅನ್ನಿ. ಅವರ ಸ್ಲೇಟು ಒರೆಸಿಟ್ಟಿರಿ.